ಫೋನ್ ವೇದಿಕೆಗಳ ಪೈಪೋಟಿಯಿಂದ ಗ್ರಾಹಕರಿಗೆ ನಿಜವಾಗಿ ಲಾಭವಿದೆಯೇ?

"ಅಂಗಡಿಯಲ್ಲಿ ಹತ್ತಾರು ಕಂಪನಿಗಳ ಫೋನ್‌ಗಳಿದ್ದರೂ ಒಳಗೆ ಇರುವುದು ಆಂಡ್ರಾಯ್ಡ್ ಇಲ್ಲವೇ ಐಓಎಸ್, ಇವೆರಡೇ. ಇದನ್ನು ಪೈಪೋಟಿ ಎನ್ನಬಹುದೇ? ಇದರಿಂದ ನಮ್ಮಂತಹವರಿಗೆ ಏನು ಲಾಭ?" ಎಂದು ನೀವು ಕೇಳಿದ್ದೀರಿ. ಸುಮಾರು ಹನ್ನೆರಡು ವರ್ಷಗಳಿಂದ ಫೋನ್ ನಡೆಸುವ ಈ ಎರಡೂ ವೇದಿಕೆಗಳಿಗೆ (ಆಂಡ್ರಾಯ್ಡ್ ಗೂಗಲ್‌ನದು, ಐಓಎಸ್ ಆಪಲ್‌ನ ಐಫೋನಿನದು) ಆ್ಯಪ್ ಬರೆಯುವ ಕೆಲಸದಲ್ಲಿರುವುದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಪೈಪೋಟಿ ಇದೆ, ಅದರಿಂದ ಲಾಭವೂ ಆಗಿದೆ. ಆದರೆ ಆ ಪೈಪೋಟಿ ಹೆಚ್ಚಾಗಿ ನಾವು ಫೋನ್ ಕೊಳ್ಳುವ ದಿನದವರೆಗೆ ಮಾತ್ರ. ಕೊಂಡ ಮೇಲೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಎಷ್ಟು ಕಷ್ಟವಾಗುತ್ತದೆಯೋ, ಗ್ರಾಹಕನ ಕೈಯಲ್ಲಿರುವ ಬಲವೂ ಅಷ್ಟೇ ಕಡಿಮೆಯಾಗುತ್ತದೆ.

ಮೊದಲು ಲಾಭದ ಮಾತು. 2011ರ ಸುಮಾರಿಗೆ ನನ್ನ ಬಳಿ ಇದ್ದ ಫೋನಿನಲ್ಲಿ ಕನ್ನಡದ ಯಾವುದೇ ಜಾಲತಾಣ ತೆರೆದರೂ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಆಗ ನಮ್ಮಲ್ಲಿ ಹಲವರಿಗೆ ಗೊತ್ತಿದ್ದ ಉಪಾಯವೊಂದಿತ್ತು. ಒಪೆರಾ ಮಿನಿ ಬ್ರೌಸರಿನ ಒಳಸೆಟ್ಟಿಂಗ್ಸ್ ಪುಟಕ್ಕೆ ಹೋಗಿ, ಇಂತಹ ಲಿಪಿಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆಯನ್ನು ಆನ್ ಮಾಡಿದರೆ ಒತ್ತಕ್ಷರಗಳು ಸಹಿತ ಕನ್ನಡ ಓದಲು ಬರುತ್ತಿತ್ತು. ಆದರೆ ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ಅದನ್ನು ಕಾಪಿ ಮಾಡುವಂತಿರಲಿಲ್ಲ, ಅದರಲ್ಲಿ ಒಂದು ಪದ ಹುಡುಕುವಂತಿರಲಿಲ್ಲ. ಅಲ್ಲಿಂದ ಮುಂದೆ 2014ರಲ್ಲಿ ಆಂಡ್ರಾಯ್ಡ್ ತನ್ನ 5.0 ಆವೃತ್ತಿಯಲ್ಲಿ ಫೋನಿನ ಮೆನುಗಳನ್ನೇ ಕನ್ನಡದಲ್ಲಿ ಕೊಟ್ಟಿತು. ಅದಕ್ಕೂ ಮುಂಚೆಯೇ ಹೊರಗಿನವರು ಬರೆದ ಕೀಬೋರ್ಡ್‌ಗಳಿಗೆ ಅದು ಬಾಗಿಲು ತೆರೆದಿದ್ದರಿಂದ, ಮುಂಬೈ ಐಐಟಿಯವರ ಸ್ವರಚಕ್ರದಂತಹ ಕೀಬೋರ್ಡ್‌ಗಳನ್ನು ಹಾಕಿಕೊಂಡು ಕನ್ನಡ ಟೈಪ್ ಮಾಡಲು ಸಾಧ್ಯವಾಯಿತು. ಐಫೋನಿಗೆ ಆಪಲ್‌ನದೇ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಓಎಸ್ 11ರಲ್ಲಿ. ಇಡೀ ಫೋನನ್ನು ಕನ್ನಡದಲ್ಲೇ ಇಟ್ಟುಕೊಳ್ಳುವ ಅನುಕೂಲ ಬಂದದ್ದು 2025ರ 18.4ರಲ್ಲಿ. ಆಂಡ್ರಾಯ್ಡ್‌ನ ಕನ್ನಡ ಮೆನುಗಳಿಗೂ ಇದಕ್ಕೂ ನಡುವೆ ಹತ್ತು ವರ್ಷಕ್ಕೂ ಹೆಚ್ಚಿನ ಅಂತರವಿದೆ. ವೇದಿಕೆ ಒಂದೇ ಆಗಿದ್ದರೆ, ಮತ್ತು ಅದು ನಿಧಾನದ್ದಾಗಿದ್ದರೆ, ನಾವು ಅಷ್ಟು ವರ್ಷ ಕಾಯಬೇಕಾಗುತ್ತಿತ್ತು. ಪೈಪೋಟಿ ಕನ್ನಡಿಗರಿಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಬೆಲೆ ಇಳಿದದ್ದು ಎಲ್ಲರಿಗೂ ತಿಳಿದ ವಿಷಯ. ಹೊಸ ಫೋನಿಗೆ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂಬುದರಲ್ಲೂ ಪೈಪೋಟಿಯ ಫಲ ಕಾಣುತ್ತದೆ. ಈ ವಿಷಯದಲ್ಲಿ ಬಹುಕಾಲ ಐಫೋನಿನದೇ ಮೇಲುಗೈಯಾಗಿತ್ತು. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಘೋಷಿಸಿದವು. ಕಡಿಮೆ ಬೆಲೆಯ ಫೋನ್‌ಗಳಿಗೆ ಈ ಭಾಗ್ಯ ಇನ್ನೂ ಪೂರ್ತಿಯಾಗಿ ಬಂದಿಲ್ಲ.

ಇನ್ನು, ಎರಡೇ ಏಕೆ ಉಳಿದವು? ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್ ಫೋನ್, ಫೈರ್‌ಫಾಕ್ಸ್ ಓಎಸ್, ಎಲ್ಲವೂ ನಮ್ಮ ಕಣ್ಣೆದುರೇ ಬಂದು ಹೋದವು. 2014ರಲ್ಲಿ ಇಂಟೆಕ್ಸ್ ಕಂಪನಿಯ ಫೈರ್‌ಫಾಕ್ಸ್ ಫೋನ್ ನಮ್ಮ ದೇಶದಲ್ಲಿ 1,999 ರೂಪಾಯಿಗೆ ಸಿಗುತ್ತಿತ್ತು. ಬೆಲೆಯೊಂದರಿಂದಲೇ ಗೆಲ್ಲುವಂತಿದ್ದರೆ ಅದು ಗೆಲ್ಲಬೇಕಿತ್ತು. ನಮ್ಮ ವೃತ್ತಿಯವರಿಗೆ ಕಾರಣ ಚೆನ್ನಾಗಿ ಗೊತ್ತು: ಬಳಸುವವರು ಕಡಿಮೆ ಇರುವ ವೇದಿಕೆಗೆ ಆ್ಯಪ್ ಬರೆಯಲು ಯಾವ ಕಂಪನಿಯೂ ಹಣ ಹಾಕುವುದಿಲ್ಲ, ಆ್ಯಪ್ ಇಲ್ಲದ ವೇದಿಕೆಗೆ ಬಳಸುವವರು ಬರುವುದಿಲ್ಲ. ಇದರ ಮೇಲೆ ಎದುರಾಳಿಯ ಕೈಯಲ್ಲೇ ಮುಖ್ಯ ಸೇವೆಯೊಂದಿದ್ದರೆ ಕಥೆ ಇನ್ನೂ ಬಿಗಡಾಯಿಸುತ್ತದೆ. ವಿಂಡೋಸ್ ಫೋನಿಗೆ ಗೂಗಲ್ ಪೂರ್ಣಪ್ರಮಾಣದ ಯೂಟ್ಯೂಬ್ ಆ್ಯಪ್ ಮಾಡಿಕೊಡಲಿಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ತಾನೇ ಒಂದನ್ನು ಬರೆದಾಗ, ನಿಯಮ ಮೀರಲಾಗಿದೆ ಎಂಬ ಕಾರಣ ಕೊಟ್ಟು ಗೂಗಲ್ ಅದನ್ನು ತಡೆಯಿತು. ಕಾರಣ ಸರಿಯೋ ತಪ್ಪೋ, ಆ ಫೋನ್ ಹಿಡಿದಿದ್ದ ಗ್ರಾಹಕನಿಗೆ ಮಾತ್ರ ಯೂಟ್ಯೂಬ್ ಸರಿಯಾಗಿ ಸಿಗಲಿಲ್ಲ.

ಉಳಿದ ಎರಡು ಎಲ್ಲ ವಿಷಯದಲ್ಲೂ ಹೊಡೆದಾಡುತ್ತವೆ ಎಂದೂ ತಿಳಿಯಬಾರದು. ಐಫೋನಿನ ಸಫಾರಿ ಬ್ರೌಸರಿನಲ್ಲಿ ತಾನೇ ಮೊದಲ ಹುಡುಕುಯಂತ್ರವಾಗಿ ಇರಲೆಂದು ಗೂಗಲ್ 2022ರ ಒಂದೇ ವರ್ಷದಲ್ಲಿ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತೆಂಬುದು ಅಮೆರಿಕದ ನ್ಯಾಯಾಲಯದ ವಿಚಾರಣೆಯಿಂದ ಹೊರಬಂತು. ನಾವು ಯಾವ ಫೋನ್ ಕೊಂಡರೂ ಹುಡುಕಾಟ ಒಂದೇ ಕಡೆಗೆ ಹೋಗುವಂತೆ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು.

ನಮ್ಮ ದೇಶದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2022ರ ಅಕ್ಟೋಬರ್ 20ರಂದು, ಮಾರುಕಟ್ಟೆಯ ಪೈಪೋಟಿ ನ್ಯಾಯವಾಗಿರುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ಲೇ ಸ್ಟೋರ್ ಬೇಕೆನ್ನುವ ಫೋನ್ ತಯಾರಕರು ಗೂಗಲ್‌ನ ಉಳಿದ ಆ್ಯಪ್‌ಗಳನ್ನೂ ಗುಂಪಾಗಿ ಹಾಕಲೇಬೇಕು ಎಂಬ ಷರತ್ತು ಆಯೋಗದ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿತ್ತು. ಆ ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಲು ಒಪ್ಪದ ಮೇಲೆ, 2023ರ ಜನವರಿಯಲ್ಲಿ ಗೂಗಲ್ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಕೊಡಲು ಮತ್ತು ಹೊಸ ಫೋನ್ ಆರಂಭಿಸುವಾಗ ಹುಡುಕುಯಂತ್ರವನ್ನು ಆರಿಸಿಕೊಳ್ಳುವ ಅವಕಾಶ ಕೊಡಲು ಒಪ್ಪಿತು. ಅದೇ ವರ್ಷದ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತಾದರೂ ಆಯೋಗದ ನಾಲ್ಕು ನಿರ್ದೇಶನಗಳನ್ನು ಕೈಬಿಟ್ಟಿತು. ಬೇರೆ ಕಂಪನಿಗಳ ಆ್ಯಪ್ ಅಂಗಡಿಗಳಿಗೆ ಪ್ಲೇ ಸ್ಟೋರಿನಲ್ಲೇ ಜಾಗ ಕೊಡಬೇಕು ಎಂಬುದು ಆ ನಾಲ್ಕರಲ್ಲಿ ಒಂದು.

ಇದರ ಪರಿಣಾಮವನ್ನು ಬೆಂಗಳೂರಿನ ಒಂದು ಪ್ರಯತ್ನದಲ್ಲೇ ನೋಡಬಹುದು. ಫೋನ್‌ಪೇ 2024ರ ಫೆಬ್ರವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಎಂಬ ಅಂಗಡಿಯನ್ನು ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ತೆರೆಯಿತು. ಆದರೆ ಆ ಅಂಗಡಿ ಮೊದಲೇ ಹಾಕಿಲ್ಲದ ಫೋನಿನಲ್ಲಿ ಅದನ್ನು ಬೇರೆ ಜಾಲತಾಣದಿಂದ ಇಳಿಸಿಕೊಂಡು, ಅಪರಿಚಿತ ಮೂಲದ ಆ್ಯಪ್ ಅಪಾಯಕಾರಿಯಾಗಬಹುದು ಎಂಬ ಎಚ್ಚರಿಕೆಯನ್ನು ದಾಟಿ, ಅನುಮತಿ ಕೊಟ್ಟು ಹಾಕಿಕೊಳ್ಳಬೇಕು. ಆ ಎಚ್ಚರಿಕೆ ಸುಳ್ಳಲ್ಲ. ಹಾಗೆ ಬಂದ ಆ್ಯಪ್‌ಗಳಿಂದ ಹಣ ಕಳೆದುಕೊಂಡವರಿದ್ದಾರೆ. ಆದರೆ ಒಳ್ಳೆಯ ಅಂಗಡಿಯೂ ಕಳ್ಳ ಆ್ಯಪ್ ಬರುವ ದಾರಿಯಲ್ಲೇ ಬರಬೇಕಾದರೆ, ನನ್ನ ತಾಯಿಯಂತಹವರು ಆ ಪರದೆ ಕಂಡೊಡನೆ ಹಿಂದಕ್ಕೆ ಬರುತ್ತಾರೆ. ಹಾಗೆ ಬರುವುದೇ ಸರಿ ಎಂದು ಅವರಿಗೆ ಹೇಳಿಕೊಟ್ಟವನೂ ನಾನೇ.

ಬಿಟ್ಟುಹೋಗುವ ಕಷ್ಟ ಎಂದೆನಲ್ಲ, ಅದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನನ್ನ ತಂದೆ ಊರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಖಜಾಂಚಿಯಾಗಿದ್ದರು. ದೇಣಿಗೆ ಕಳುಹಿಸಿದವರು ಯಾರ ಹೆಸರಿನಲ್ಲಿ, ಯಾವ ಸೇವೆಗೆ, ಎಷ್ಟು ಎಂಬುದನ್ನು ಅವರಿಗೆ ಮೆಸೇಜ್ ಮಾಡುತ್ತಿದ್ದರು. ತಂದೆ ಅವನ್ನೆಲ್ಲ ಗುರುತು ಹಾಕಿ ಇಟ್ಟುಕೊಂಡಿದ್ದರು. 2019ರಲ್ಲಿ ನಾನೇ ಮುಂದೆ ನಿಂತು ಅವರಿಗೆ ಇನ್ನೊಂದು ವೇದಿಕೆಯ ಫೋನ್ ಕೊಡಿಸಿದೆ, ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೆವು. ಫೋಟೊಗಳು ಬಂದವು, ಫೋನ್ ನಂಬರ್‌ಗಳು ಬಂದವು. ಮೆಸೇಜ್‌ಗಳು ಬರಲಿಲ್ಲ, ಏಕೆಂದರೆ ಒಂದು ವೇದಿಕೆಯ ಬ್ಯಾಕಪ್ ಅನ್ನು ಇನ್ನೊಂದು ಓದುತ್ತಿರಲಿಲ್ಲ. ಆಮೇಲೆ ಅವರು ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು, ಪ್ರತಿಯೊಂದು ಜಮೆಯ ಎದುರು ಯಾರಿರಬಹುದೆಂದು ಊಹಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳುತ್ತಾ ಲೆಕ್ಕವನ್ನು ಮತ್ತೆ ಬರೆದರು. ಈಗ ಅಂತಹ ಮೆಸೇಜ್‌ಗಳನ್ನು ಸಾಗಿಸುವ ದಾರಿಗಳು ಬಂದಿವೆ. ಆದರೆ ಹಣ ಕೊಟ್ಟು ಕೊಂಡ ಆ್ಯಪ್ ಇಂದಿಗೂ ಸಾಮಾನ್ಯವಾಗಿ ಅದೇ ವೇದಿಕೆಗೆ ಸೀಮಿತ. ಇನ್ನೊಂದರಲ್ಲಿ ಮತ್ತೆ ಕೊಳ್ಳಬೇಕು. ಗೂಗಲ್, ಆಪಲ್ ಎರಡರದೂ ಬೇಡವೆಂದು ಹಳೆಯ ಫೋನಿಗೆ, ಆಂಡ್ರಾಯ್ಡ್‌ನ ಮುಕ್ತ ಆಕರದಿಂದಲೇ ಬೇರೆಯವರು ಕಟ್ಟಿದ ಲೀನಿಯೇಜ್ ಓಎಸ್‌ನಂತಹ ವ್ಯವಸ್ಥೆ ಹಾಕಿಕೊಂಡರೆ, ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆದುಕೊಳ್ಳುವುದೇ ಇಲ್ಲ.

ಆದ್ದರಿಂದ ಈ ಕಷ್ಟ ಕಡಿಮೆಯಾಗುವುದು ಪೈಪೋಟಿಗಿಂತ ಹೆಚ್ಚಾಗಿ ಕಾನೂನಿನಿಂದ ಎಂಬುದು ನನ್ನ ಅಭಿಪ್ರಾಯ. 2023ರ ಐಫೋನ್ 15ರಿಂದ ಎಲ್ಲರ ಚಾರ್ಜರ್ ಕೇಬಲ್ ಒಂದೇ ಆದದ್ದು ಯುರೋಪಿನ ಕಾಯಿದೆಯ ಒತ್ತಡದಿಂದ. ಗ್ರಾಹಕರು ವರ್ಷಗಟ್ಟಲೆ ಬೇಸರಪಟ್ಟಿದ್ದರಿಂದಲ್ಲ.

ನೀವು ಸದ್ಯದಲ್ಲೇ ಫೋನ್ ಕೊಳ್ಳುವವರಾಗಿದ್ದರೆ, ಕ್ಯಾಮೆರಾ ಮತ್ತು ಬೆಲೆಯ ಜೊತೆಗೆ ಎರಡು ಪ್ರಶ್ನೆಗಳನ್ನು ಅಂಗಡಿಯಲ್ಲೇ ಕೇಳಿ: ಈ ಮಾದರಿಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ, ಮತ್ತು ನನ್ನ ಈಗಿನ ಫೋನಿನಿಂದ ಏನೇನು ಬರುವುದಿಲ್ಲ. ಎರಡನೆಯದಕ್ಕೆ "ಎಲ್ಲಾ ಬರುತ್ತೆ ಸರ್" ಎಂಬ ಉತ್ತರ ಸಿಕ್ಕರೆ, ನಿಮ್ಮ ಎದುರಿಗೇ ಸಾಗಿಸಿ ತೋರಿಸಲು ಹೇಳಿ. ಹೊಸ ಫೋನಿನಲ್ಲಿ ಕನಿಷ್ಠ ಒಂದು ವಾರ ಎಲ್ಲವನ್ನೂ ತೆರೆದು ನೋಡುವವರೆಗೆ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.