ಓದುಗರ ಪ್ರಶ್ನೆ: ಒಂದೇ ಮಾನಿಟರ್, ಎರಡು ಕಂಪ್ಯೂಟರ್

ಪ್ರಶ್ನೆ: ಮಗನ ಓದಿಗೆಂದು ಕೊಂಡ ಡೆಸ್ಕ್‌ಟಾಪ್ ಮತ್ತು ಅದಕ್ಕೊಂದು 24 ಅಂಗುಲದ ಮಾನಿಟರ್ ನಮ್ಮ ಮನೆಯಲ್ಲಿವೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ನನಗೆ ಕಚೇರಿಯವರು ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಅದರ ಸಣ್ಣ ಪರದೆಯಲ್ಲಿ ಎಕ್ಸೆಲ್ ನೋಡಿ ನೋಡಿ ಕಣ್ಣು ಸೋಲುತ್ತದೆ. ಬೆಳಿಗ್ಗೆ ನಾನು ಡೆಸ್ಕ್‌ಟಾಪಿನ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತೇನೆ. ಸಂಜೆ ಮಗ ಮೇಜಿನ ಕೆಳಗೆ ತೂರಿ ಮತ್ತೆ ಹಾಕಿಕೊಳ್ಳುತ್ತಾನೆ. ಇನ್ನೊಂದು ಮಾನಿಟರ್ ಇಡಲು ಜಾಗವಿಲ್ಲ. ಒಂದನ್ನೇ ಎರಡಕ್ಕೂ ಬಳಸಲು ಏನು ಕೊಳ್ಳಬೇಕು?
— ಓದುಗರೊಬ್ಬರು, ತುಮಕೂರು

ಉತ್ತರ: ಕೊಳ್ಳುವ ಮಾತಿಗೆ ಮುಂಚೆ ಮಾನಿಟರನ್ನು ತಿರುಗಿಸಿ ಅದರ ಬೆನ್ನನ್ನೊಮ್ಮೆ ನೋಡಿ. ಬಹಳಷ್ಟು ಮಾನಿಟರ್‌ಗಳಿಗೆ ಎರಡೋ ಮೂರೋ ಪೋರ್ಟ್‌ಗಳಿರುತ್ತವೆ. ಒಂದಕ್ಕೆ ಕೇಬಲ್ ಹಾಕಿದ ಮೇಲೆ ಉಳಿದವನ್ನು ಯಾರೂ ಕೇಳದೆ ಅವು ದೂಳು ಹಿಡಿಯುತ್ತವೆ. ಮೂರು ಸಾಲುಗಳಲ್ಲಿ 15 ರಂಧ್ರಗಳಿರುವ, ಸಾಮಾನ್ಯವಾಗಿ ನೀಲಿ ಬಣ್ಣದ ಪೋರ್ಟ್ ವಿಜಿಎ. 1987ರಲ್ಲಿ ಐಬಿಎಂ ಕಂಪನಿಯ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ಬಂದದ್ದು ಹಳೆಯ ಯಂತ್ರಗಳಲ್ಲಿ ಇನ್ನೂ ಉಳಿದಿದೆ. ಅಗಲವಾಗಿ, ತೆಳ್ಳಗೆ, ಒಂದು ಬದಿಯ ಎರಡೂ ಮೂಲೆಗಳು ಓರೆಯಾಗಿರುವುದು ಎಚ್‌ಡಿಎಂಐ. ಹೆಚ್ಚುಕಡಿಮೆ ಅದೇ ಗಾತ್ರದಲ್ಲಿದ್ದು ಒಂದೇ ಮೂಲೆ ಕತ್ತರಿಸಿದಂತಿರುವುದು ಡಿಸ್‌ಪ್ಲೇಪೋರ್ಟ್. ಇವುಗಳಲ್ಲಿ ಯಾವುದಾದರೂ ಎರಡು ನಿಮ್ಮ ಮಾನಿಟರಿನಲ್ಲಿದ್ದು, ನಿಮ್ಮ ಎರಡು ಯಂತ್ರಗಳಿಗೂ ಹೊಂದುವಂತಿದ್ದರೆ, ನೀವು ಕೊಳ್ಳಬೇಕಾದದ್ದು ಇನ್ನೊಂದು ಕೇಬಲ್ ಮಾತ್ರ. ಎರಡನ್ನೂ ಕಾಯಂ ಆಗಿ ಸಿಕ್ಕಿಸಿಡಿ. ಮಾನಿಟರಿನ ಅಂಚಿನ ಗುಂಡಿ ಒತ್ತಿ, ‘ಇನ್‌ಪುಟ್’ ಅಥವಾ ‘ಸೋರ್ಸ್’ ಎಂಬಲ್ಲಿ ಬೇಕಾದ ಪೋರ್ಟನ್ನು ಆರಿಸಿಕೊಳ್ಳಿ. ಮಗ ಮೇಜಿನ ಕೆಳಗೆ ತೂರುವುದು ತಪ್ಪುತ್ತದೆ.

ಒಂದು ವಿಜಿಎ, ಒಂದು ಎಚ್‌ಡಿಎಂಐ ಮಾತ್ರ ಇದ್ದರೆ ಎಚ್‌ಡಿಎಂಐಯನ್ನು ನಿಮ್ಮ ಲ್ಯಾಪ್‌ಟಾಪಿಗೇ ಇಟ್ಟುಕೊಳ್ಳಿ. ವಿಜಿಎ ಅನಲಾಗ್ ಸಂಕೇತವಾದ್ದರಿಂದ ಸಣ್ಣ ಅಕ್ಷರಗಳ ಅಂಚು ತುಸು ಮಸುಕಾಗುವುದುಂಟು. ಎಕ್ಸೆಲ್ ನೋಡುವವರಿಗೆ ಆ ಮಸುಕು ತಲೆನೋವಾದೀತು. ಇತ್ತೀಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಇಲ್ಲದೆ ಯುಎಸ್‌ಬಿ-ಸಿ ಮಾತ್ರ ಇರುವುದೂ ಉಂಟು. ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳಿಂದಲೂ ಚಿತ್ರ ಹೊರಬರುವುದಿಲ್ಲ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟಿನ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ಧೈರ್ಯವಾಗಿ ಪರಿವರ್ತಕ ಕೊಳ್ಳಬಹುದು, ಇಲ್ಲವಾದರೆ ಆ ಮಾಡೆಲ್‌ನ ವಿವರಪಟ್ಟಿ ನೋಡಿಯೇ ದುಡ್ಡು ತೆಗೆಯಿರಿ.

ಲ್ಯಾಪ್‌ಟಾಪ್ ಸಿಕ್ಕಿಸಿದ ಮೇಲೆ ವಿಂಡೋಸ್ ಕೀಲಿ ಒತ್ತಿ ಹಿಡಿದು ‘ಪಿ’ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಅವುಗಳಲ್ಲಿ ‘ಎಕ್ಸ್‌ಟೆಂಡ್’ ಆರಿಸಿದರೆ ಎರಡು ಪರದೆಗಳೂ ಸೇರಿ ಒಂದೇ ಉದ್ದ ಮೇಜಿನಂತಾಗುತ್ತವೆ: ಮಾನಿಟರಿನಲ್ಲಿ ಎಕ್ಸೆಲ್, ಲ್ಯಾಪ್‌ಟಾಪಿನಲ್ಲಿ ಮೇಲ್. ಲ್ಯಾಪ್‌ಟಾಪನ್ನು ಮುಚ್ಚಿಟ್ಟೇ ಕೆಲಸ ಮಾಡುವುದಾದರೆ, ಕಂಟ್ರೋಲ್ ಪ್ಯಾನೆಲ್‌ನ ಪವರ್ ವಿಭಾಗದಲ್ಲಿ ಮುಚ್ಚಳ ಹಾಕಿದಾಗ ಏನೂ ಆಗಬಾರದೆಂದು ಹೇಳಿಡಬೇಕು. ಇಲ್ಲದಿದ್ದರೆ ಅದು ನಿದ್ರೆಗೆ ಜಾರಬಹುದು.

ಇಲ್ಲಿಗೆ ಚಿತ್ರದ ತೊಡಕು ತೀರಿತು. ನಿಜವಾದ ತೊಡಕು ಕೀಲಿಮಣೆ ಮತ್ತು ಮೌಸ್‌ನದು: ಪರದೆ ಗುಂಡಿ ಒತ್ತಿದರೆ ಬದಲಾಗುತ್ತದೆ, ಆದರೆ ಕೀಲಿಮಣೆಯ ತಂತಿ ಡೆಸ್ಕ್‌ಟಾಪಿನಲ್ಲೇ ಇರುತ್ತದೆ. ಇದಕ್ಕೆ ಅಂಗಡಿಯವರು ಮೊದಲು ತೋರಿಸುವುದು ಕೆವಿಎಂ ಸ್ವಿಚ್. ಕೀಲಿಮಣೆ, ಮಾನಿಟರ್, ಮೌಸ್ ಮೂರನ್ನೂ ಒಂದೇ ಗುಂಡಿಯಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆಯದು. ಒಳ್ಳೆಯ ಸಾಧನವೇ; ಆದರೆ ಅಗ್ಗದವುಗಳಲ್ಲಿ ಒಂದು ಕಿರಿಕಿರಿಯಿದೆ. ಪ್ರತಿ ಮಾನಿಟರೂ ತನ್ನ ಮಾಡೆಲ್, ಅಳತೆ, ತಾನು ತೋರಿಸಬಲ್ಲ ರೆಸಲ್ಯೂಷನ್ ಇವನ್ನೆಲ್ಲ ಕನಿಷ್ಠ 128 ಬೈಟ್‌ಗಳ ಪುಟ್ಟ ಪರಿಚಯಪತ್ರದಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ; ಅದಕ್ಕೆ ಇಡಿಐಡಿ ಎಂದು ಹೆಸರು. ಅಗ್ಗದ ಸ್ವಿಚ್ಚಿನಲ್ಲಿ ನೀವು ಅತ್ತ ಹೊರಳಿದೊಡನೆ ಇತ್ತಣ ಕಂಪ್ಯೂಟರಿಗೆ ಆ ಪತ್ರ ಸಿಗದೆ, ಮಾನಿಟರನ್ನೇ ಕಿತ್ತರೆಂದು ಅದು ತಿಳಿಯುತ್ತದೆ. ಮರಳಿ ಬಂದಾಗ ಒಪ್ಪವಾಗಿ ಜೋಡಿಸಿಟ್ಟಿದ್ದ ಕಿಟಕಿಗಳೆಲ್ಲ ಒಂದು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಕೆವಿಎಂ ಕೊಳ್ಳಲೇಬೇಕೆಂದಿದ್ದರೆ ‘ಇಡಿಐಡಿ ಎಮ್ಯುಲೇಷನ್’, ಅಂದರೆ ನೀವು ಅತ್ತ ಹೊರಳಿದಾಗಲೂ ಆ ಪತ್ರವನ್ನು ಸ್ವಿಚ್ಚೇ ತೋರಿಸುತ್ತಿರುವ ಸೌಲಭ್ಯ, ಇದೆಯೇ ಎಂದು ಕೇಳಿ. 4ಕೆ ಮಾನಿಟರ್ ಇರುವವರು ಎಚ್‌ಡಿಎಂಐ 2.0 ಎಂದು ಬರೆದಿರುವುದನ್ನೇ ಆರಿಸಬೇಕು, 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುವುದರಿಂದ ಮೌಸಿನ ಬಾಣ ಕುಂಟುತ್ತ ಓಡುತ್ತದೆ.

ನನ್ನನ್ನು ಕೇಳಿದರೆ ನಿಮಗೆ ಕೆವಿಎಂ ಬೇಡ. ಚಿತ್ರವನ್ನು ಮಾನಿಟರಿನ ಎರಡು ಪೋರ್ಟ್‌ಗಳಿಗೇ ಬಿಟ್ಟು, ಕೀಲಿಮಣೆ-ಮೌಸ್‌ಗೆ ಮಾತ್ರ ಒಂದು ಯುಎಸ್‌ಬಿ ಶೇರಿಂಗ್ ಸ್ವಿಚ್ ತನ್ನಿ. ಒತ್ತಬೇಕಾದ ಗುಂಡಿಗಳು ಎರಡಾಗುತ್ತವೆ, ನಿಜ. ಆದರೆ ಬೆಲೆ ಕಡಿಮೆ, ಚಿತ್ರದ ದಾರಿಯಲ್ಲಿ ಯಾವ ಪೆಟ್ಟಿಗೆಯೂ ಅಡ್ಡ ಬರುವುದಿಲ್ಲ. ಮೌಸ್ ವಿದೌಟ್ ಬಾರ್ಡರ್ಸ್‌ನಂತಹ ಉಚಿತ ತಂತ್ರಾಂಶ ಒಂದೇ ಕೀಲಿಮಣೆಯನ್ನು ನಾಲ್ಕು ಕಂಪ್ಯೂಟರ್‌ಗಳವರೆಗೆ ಹಂಚುತ್ತದೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಒಳಗೇ ಅದು ಈಗ ಸಿಗುತ್ತದೆ. ಎರಡೂ ಸ್ವಂತ ಯಂತ್ರಗಳಾಗಿದ್ದರೆ ಅದನ್ನೇ ಸೂಚಿಸುತ್ತಿದ್ದೆ. ಆದರೆ ಅದು ಒಂದು ಕಡೆ ನಕಲಿಸಿದ್ದನ್ನು ಇನ್ನೊಂದು ಕಡೆಗೆ ದಾಟಿಸಬಲ್ಲದು. ಕಚೇರಿಯ ಲ್ಯಾಪ್‌ಟಾಪಿನಲ್ಲಿ, ಅಲ್ಲಿಯವರನ್ನು ಕೇಳದೆ ಅಂಥದ್ದನ್ನು ಹಾಕಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಕೀಲಿಮಣೆ ಕಳುಹಿಸುವುದು ಯಾವ ಕೀಲಿ ಒತ್ತಿದಿರಿ ಎಂಬುದನ್ನಷ್ಟೇ. ಅದು ‘ಕ’ ಆಗುವುದು ಕಂಪ್ಯೂಟರಿನೊಳಗೆ. ಮಗನ ಯಂತ್ರದಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಇದ್ದ ಮಾತ್ರಕ್ಕೆ ಸ್ವಿಚ್ ಒತ್ತಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಮೂಡುವುದಿಲ್ಲ.

ಪ್ರಶ್ನೆ: ನನ್ನ ಮಾನಿಟರಿಗೆ ಇರುವುದು ಒಂದೇ ಎಚ್‌ಡಿಎಂಐ. ಎರಡು ಕಂಪ್ಯೂಟರ್ ಸೇರಿಸಬೇಕೆಂದು ಅಂಗಡಿಯಲ್ಲಿ ಹೇಳಿ, ಮೂರು ಪೋರ್ಟ್‌ಗಳ ಪೆಟ್ಟಿಗೆ ತಂದೆ. ಹೇಗೆ ಜೋಡಿಸಿದರೂ ಎರಡನೆಯದರ ಚಿತ್ರ ಬರುತ್ತಿಲ್ಲ. ಪೆಟ್ಟಿಗೆ ಕೆಟ್ಟಿದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಕೆಟ್ಟಿರಲಾರದು, ನಿಮಗೆ ಕೊಟ್ಟಿರುವುದು ಬಹುತೇಕ ಸ್ಪ್ಲಿಟರ್. ಒಂದು ಕಂಪ್ಯೂಟರಿನ ಚಿತ್ರವನ್ನು ಎರಡು ಪರದೆಗಳಿಗೆ ಹಂಚುವುದು ಸ್ಪ್ಲಿಟರ್, ಎರಡು ಕಂಪ್ಯೂಟರ್‌ಗಳಲ್ಲಿ ಒಂದನ್ನು ಆರಿಸಿ ಒಂದೇ ಪರದೆಗೆ ಕೊಡುವುದು ಸ್ವಿಚ್. ಎರಡಕ್ಕೂ ಮೂರೇ ಪೋರ್ಟ್, ಹೊರನೋಟವೂ ಒಂದೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಾನೂ ಒಮ್ಮೆ ಒಂದರ ಬದಲು ಇನ್ನೊಂದನ್ನು ತಂದು, ಅರ್ಧ ದಿನ ಕೇಬಲ್‌ಗಳನ್ನು ಶಪಿಸಿದವನೇ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದಿ: ‘ಇನ್’ ಒಂದೇ ಇದ್ದು ‘ಔಟ್’ ಎರಡಿದ್ದರೆ ಅದನ್ನು ಮರಳಿಸಿ, ಎರಡು ‘ಇನ್’ ಇರುವುದನ್ನು ತನ್ನಿ. ‘ಬೈ-ಡೈರೆಕ್ಷನ್’ ಎಂದು ಮಾರುವ ಪುಟ್ಟ ಪೆಟ್ಟಿಗೆಯಾದರೂ ಸಾಕು, ಅದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ವಿಜಿಎ ಬಳಸುವವರು, ಎರಡು ಕಂಪ್ಯೂಟರ್‌ಗಳನ್ನು ‘ವೈ’ ಆಕಾರದ ಸಾದಾ ಕೇಬಲ್ಲಿನಿಂದ ಸೇರಿಸುವ ಸಾಹಸಕ್ಕೆ ಕೈಹಾಕಬಾರದು; ಎರಡು ಸಂಕೇತಗಳು ಒಂದೇ ತಂತಿಯಲ್ಲಿ ಡಿಕ್ಕಿ ಹೊಡೆಯುತ್ತವೆ.

ಪರಿವರ್ತಕಗಳದೂ ಇದೇ ಕಥೆ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದು ಬೇರೆ, ವಿಜಿಎಯಿಂದ ಎಚ್‌ಡಿಎಂಐಗೆ ಬರುವುದು ಬೇರೆ. ತಿರುಗಿಸಿ ಹಾಕಿದರೆ ಯಾವುದೂ ನಡೆಯುವುದಿಲ್ಲ. ವಿಜಿಎಯಲ್ಲಿ ಧ್ವನಿ ಬರುವುದಿಲ್ಲವೆಂಬುದೂ ನೆನಪಿರಲಿ.

ಪ್ರಶ್ನೆ: ಎರಡು ಕಂಪ್ಯೂಟರ್‌ಗಳ ಪರದೆಯೂ ಒಂದೇ ಮಾನಿಟರಿನಲ್ಲಿ ಏಕಕಾಲಕ್ಕೆ ಕಾಣುವಂತೆ ಮಾಡಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಮಾಡಬಹುದು. ಕೆಲವು ದೊಡ್ಡ, ಅಗಲವಾದ ಮಾನಿಟರ್‌ಗಳ ಮೆನುವಿನಲ್ಲಿ ‘ಪಿಬಿಪಿ’ ಎಂಬ ಆಯ್ಕೆಯಿದ್ದು, ಎಡಕ್ಕೊಂದು ಬಲಕ್ಕೊಂದು ಚಿತ್ರ ತೋರಿಸುತ್ತದೆ. ಅದಿಲ್ಲದಿದ್ದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕಿಟಕಿಯಾಗಿ ತೆರೆಯುವ ರಿಮೋಟ್ ಡೆಸ್ಕ್‌ಟಾಪ್ ದಾರಿಯಿದೆ. ಎರಡೂ ಮನೆಯ ಒಂದೇ ವೈಫೈನಲ್ಲಿದ್ದರಾಯಿತು, ಕೀಲಿಮಣೆಗೆ ಬೇರೆ ಸ್ವಿಚ್ಚೂ ಬೇಕಿಲ್ಲ. ವಿಂಡೋಸ್‌ನ ಹೋಮ್ ಆವೃತ್ತಿಯಿರುವ ಯಂತ್ರ ಬೇರೊಂದನ್ನು ಹೀಗೆ ತೆರೆಯಬಲ್ಲದೇ ಹೊರತು ತಾನು ತೆರೆಸಿಕೊಳ್ಳಲಾರದು. ಆದ್ದರಿಂದ ಪ್ರೊ ಆವೃತ್ತಿಯಿರುವ ಕಂಪ್ಯೂಟರನ್ನು ಅಟ್ಟದ ಮೇಲೋ ಪಕ್ಕದ ಕೋಣೆಯಲ್ಲೋ ಬಿಟ್ಟು, ಹೋಮ್ ಇರುವುದನ್ನು ಮಾನಿಟರಿನ ಮುಂದೆ ಇಟ್ಟುಕೊಳ್ಳಿ.