ಬೆಸುಗೆಯ ಗ್ಯಾಸ್ ಕುಲುಮೆಯಲ್ಲಿ ಬಲೆಯ ಸೀಸದ ಗುಂಡು ಎರೆಯಬಹುದೇ?

ಪ್ರಶ್ನೆ: ಉಡುಪಿಯಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ತಗಡಿನ ಕೆಲಸ ಮತ್ತು ರೇಡಿಯೇಟರ್ ದುರಸ್ತಿಯ ಅಂಗಡಿಯನ್ನು ಮುಚ್ಚಿದಾಗ, ಬೆಸುಗೆ ಹಾಕುವ ತಾಮ್ರದ ಕಡ್ಡಿಗಳನ್ನು ಕಾಯಿಸುತ್ತಿದ್ದ ಹಳೆಯ ಗ್ಯಾಸ್ ಕುಲುಮೆ ನನ್ನ ಪಾಲಿಗೆ ಬಂದಿತು. ಎರಕದ ಕಬ್ಬಿಣದ ಮೈ, ಒಳಗೆ ಬೆಂಕಿ ಇಟ್ಟಿಗೆ, ಎರಡು ಬರ್ನರ್ ಇವೆ. ಹಳೆಯ ಬೀಸುಬಲೆಗಳಿಂದ ಬಿಚ್ಚಿದ ಸುಮಾರು 10 ಕೆ.ಜಿ. ಸೀಸದ ಗುಂಡುಗಳೂ ನನ್ನಲ್ಲಿವೆ. ಮೀನುಗಾರಿಕೆಗೆ ರಜೆ ಇರುವ ಜೂನ್–ಜುಲೈನಲ್ಲಿ ಮನೆಯ ಹಿಂದೆ ಈ ಕುಲುಮೆಯಲ್ಲೇ ಸೀಸ ಕರಗಿಸಿ ಹೊಸ ಗುಂಡು ಎರೆಯಬಹುದೇ? ಅಡುಗೆಮನೆಯ ಸಿಲಿಂಡರಿಗೇ ಜೋಡಿಸಿದರೆ ಆದೀತೇ?
– ಓದುಗರು, ಮಲ್ಪೆ

ಉತ್ತರ: ಕುಲುಮೆಯ ಶಕ್ತಿ ಸಾಲದೇ ಹೋದೀತೆಂಬ ಸಂಶಯ ನಿಮ್ಮದಾಗಿದ್ದರೆ ಅದನ್ನು ಬಿಟ್ಟುಬಿಡಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. 5 ಕೆ.ಜಿ. ಸೀಸವೆಂದರೆ ಗಾತ್ರದಲ್ಲಿ ಅರ್ಧ ಲೀಟರಿಗಿಂತ ಕಡಿಮೆ. ಅದನ್ನು ಕರಗಿಸಿ 380 ಡಿಗ್ರಿಗೆ ಏರಿಸಲು ಲೆಕ್ಕದ ಪ್ರಕಾರ 8 ಗ್ರಾಂ ಎಲ್‌ಪಿಜಿ ಸಾಕು, ಮುಕ್ಕಾಲು ಪಾಲು ಶಾಖ ಗಾಳಿಗೆ ಹೋಯಿತೆಂದರೂ ಮೂವತ್ತು–ಮೂವತ್ತೈದು ಗ್ರಾಂ ದಾಟದು. ನಿಮ್ಮ ಕುಲುಮೆಯನ್ನು ತಯಾರಿಸಿದ್ದು ಹಿಡಿಗಾತ್ರದ ತಾಮ್ರದ ತಲೆಗಳ ಮೇಲೆ ಬೆಂಕಿಯನ್ನು ನೇರವಾಗಿ ಊದಿ ಬೇಗ ಕಾಯಿಸುವುದಕ್ಕೆ. ಆದ್ದರಿಂದ ಇಲ್ಲಿ ಶಾಖ ಹೆಚ್ಚಿಸುವ ಕೆಲಸವಿಲ್ಲ, ತಗ್ಗಿಸುವ ಕೆಲಸವಿದೆ. ಅದಕ್ಕಿಂತಲೂ ಹೆಚ್ಚಾಗಿ, ನೀವು ಹೇಳಿದ ತಿಂಗಳುಗಳಲ್ಲಿ ನೀರನ್ನು ದೂರವಿಡುವ ಕೆಲಸವಿದೆ.

ಮೊದಲು ಕುಲುಮೆಯ ಪರೀಕ್ಷೆ. ಮುಚ್ಚಳದ ಅಡಿಯಲ್ಲಿ ಅಥವಾ ಇಟ್ಟಿಗೆಯ ಹಿಂಬದಿಯಲ್ಲಿ ಬೂದುಬಿಳಿ ಬಣ್ಣದ, ಅಂಚಿನಲ್ಲಿ ನಾರುನಾರಾಗಿ ಬಿಚ್ಚಿಕೊಳ್ಳುವ ಹಲಗೆಯೇನಾದರೂ ಕಂಡರೆ ಅದು ಕಲ್ನಾರು (ಆಸ್ಬೆಸ್ಟಾಸ್) ಎಂದೇ ತಿಳಿದು, ಕೆರೆಯದೆ, ಒಡೆಯದೆ ಕುಲುಮೆಯನ್ನು ಪಕ್ಕಕ್ಕಿಡಿ. ಅಂಥದ್ದನ್ನು ಮನೆಯಲ್ಲಿ ಸರಿಪಡಿಸಲು ಹೋಗುವುದು ಬೇಡ. ಅದಿಲ್ಲವಾದರೆ ಬರ್ನರ್ ಕೊಳವೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಇಂಥದೇ ಒಂದು ಕುಲುಮೆ ಹಳದಿ ಜ್ವಾಲೆ ಕಾರುತ್ತದೆಂದು ನನ್ನ ಬಳಿ ಬಂದಿದ್ದಾಗ ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ರಂಧ್ರದ ಮೂತಿ), ರೆಗ್ಯುಲೇಟರ್ ಎಲ್ಲವನ್ನೂ ಅನುಮಾನಿಸಿ ಅರ್ಧ ದಿನ ಕಳೆದೆ. ಕೊನೆಗೆ ಕೊಳವೆಯೊಳಗೆ ಕಡ್ಡಿ ತೂರಿಸಿದರೆ ಕುಂಬಾರ ಹುಳ ಕಟ್ಟಿದ್ದ ಮಣ್ಣಿನ ಗೂಡು ಪುಡಿಪುಡಿಯಾಗಿ ಉದುರಿತು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಯಾವ ಬರ್ನರಿನಲ್ಲೂ ಇದನ್ನು ಮೊದಲು ನೋಡಬೇಕು.

ಜೆಟ್ ಯಾವ ಒತ್ತಡಕ್ಕೆ ಮಾಡಿದ್ದು ಎಂಬುದು ಮುಂದಿನ ಪ್ರಶ್ನೆ. ಮನೆಯ ರೆಗ್ಯುಲೇಟರ್ ಕೊಡುವುದು 30 ಮಿಲಿಬಾರ್ ಮಾತ್ರ. ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿಗೆ ಹೆಚ್ಚಿನ ಒತ್ತಡದ, ತಿರುಗಿಸುವ ರೆಗ್ಯುಲೇಟರ್ ಹಾಕುವ ರೂಢಿಯಿತ್ತು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆಂದು ಕೊರೆದ ದೊಡ್ಡ ರಂಧ್ರದ ಜೆಟ್ಟಿಗೆ ಎಲ್‌ಪಿಜಿ ಕೊಟ್ಟರೆ, ಅದೇ ಗಾತ್ರದ ಅನಿಲದಲ್ಲಿ ಸುಮಾರು ಎರಡೂವರೆ ಪಟ್ಟು ಶಾಖವಿರುವುದರಿಂದ, ಮಸಿ ಕಾರುವ ಉದ್ದನೆಯ ಜ್ವಾಲೆ ಏಳುತ್ತದೆ. ಜೆಟ್ಟನ್ನು ನೀವೇ ಕೊರೆಯಬೇಡಿ, ಹೋಟೆಲುಗಳ ಒಲೆ ರಿಪೇರಿ ಮಾಡುವ ನುರಿತ ಮೆಕ್ಯಾನಿಕ್ಕಿಗೆ ತೋರಿಸಿ. ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿ. ಇನ್ನು ಅಡುಗೆಯ 14.2 ಕೆ.ಜಿ. ಸಿಲಿಂಡರಿನ ಮಾತು: ಅಡುಗೆಯಲ್ಲದ ಕೆಲಸಕ್ಕೆ ಅದನ್ನು ಬಳಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಸಬ್ಸಿಡಿ ಇಲ್ಲದ 5 ಕೆ.ಜಿ.ಯ ಸಣ್ಣ ಸಿಲಿಂಡರ್ ನಿಮ್ಮ ಕೆಲಸಕ್ಕೆ ಧಾರಾಳವಾಯಿತು.

ಪಾತ್ರೆಯನ್ನು ಕುಲುಮೆಯ ಕಡ್ಡಿ ಒರಗಿಸುವ ಸರಳುಗಳ ಮೇಲೆ ಇಡಲೇಬೇಡಿ. ಅವು ಒಂದೊಂದು ಕಡ್ಡಿಯ ಭಾರ ತಾಳಲು ಇದ್ದವೇ ಹೊರತು, ಪಾತ್ರೆಯೂ ಸೇರಿ ಏಳೆಂಟು ಕೆ.ಜಿ. ಹೊರಲು ಅಲ್ಲ. ನೆಲದಿಂದಲೇ ಎದ್ದು ನಿಲ್ಲುವ ಆಂಗಲ್ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಪಾತ್ರೆಯ ಭಾರ ಪೂರ್ತಿ ಅದರ ಮೇಲೆ ಬೀಳುವಂತೆ, ಬೆಂಕಿ ಪಾತ್ರೆಯ ತಳವನ್ನಷ್ಟೇ ಅಲ್ಲದೆ ಪಕ್ಕಗಳನ್ನೂ ತಾಗುವಂತೆ ಹೊಂದಿಸಬೇಕು; ತಳದ ಸೀಸ ಕರಗಿ ಹಿಗ್ಗುವಾಗ ಮೇಲೆ ಗಟ್ಟಿ ಬಿರಡೆಯಂತೆ ಕುಳಿತ ಸೀಸವಿದ್ದರೆ ಕೆಳಗಿನದು ಸಂದಿಯಿಂದ ಚಿಮ್ಮುವುದುಂಟು. ಕುಲುಮೆಯ ಬಾಯಿಗೂ ಪಾತ್ರೆಗೂ ನಡುವೆ ಹೆಬ್ಬೆರಳಿನಷ್ಟು ಸಂದು ಇರಲಿ. ಬಾಯಿಯನ್ನು ಪಾತ್ರೆಯಿಂದ ಮುಚ್ಚಿದರೆ ಹೊಗೆಗೆ ದಾರಿ ತಪ್ಪಿ, ಜ್ವಾಲೆ ಹಿಂದಕ್ಕೆ ಸರಿದು ಜೆಟ್ಟಿನ ಬಳಿಯೇ ಉರಿಯತೊಡಗುತ್ತದೆ.

ಪಾತ್ರೆ ಎರಕದ ಕಬ್ಬಿಣದ್ದೋ, ದಪ್ಪ ಉಕ್ಕಿನದೋ ಆಗಿರಲಿ. ಸತುವು ಲೇಪಿಸಿದ ಬಕೆಟ್ಟು, ಬೆಸುಗೆಯ ಹೊಲಿಗೆಯಿರುವ ಡಬ್ಬ, ಅಲ್ಯೂಮಿನಿಯಂ ಪಾತ್ರೆ ಇವು ಯಾವುವೂ ಕೂಡದು. ಬೆಸುಗೆಯ ಮಿಶ್ರಲೋಹ ಸೀಸಕ್ಕಿಂತ ಮೊದಲೇ ಕರಗುವುದರಿಂದ ಡಬ್ಬದ ತಳ ಕಳಚಿ ಬೀಳುತ್ತದೆ.

ಈಗ ನೀರಿನ ವಿಷಯ. ಬಲೆ ದುರಸ್ತಿಗೆ ಬಿಡುವು ಸಿಗುವುದು ಯಾಂತ್ರಿಕ ದೋಣಿಗಳು ದಡ ಸೇರಿರುವ ಆ 61 ದಿನಗಳಲ್ಲೇ, ನಮ್ಮ ಕರಾವಳಿ ಅತಿಹೆಚ್ಚು ತೊಯ್ದಿರುವುದೂ ಆಗಲೇ. ಒಂದು ಮಿಲಿಲೀಟರ್ ನೀರು ಆವಿಯಾದರೆ ಒಂದೂವರೆ ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಕರಗಿದ ಸೀಸದ ಅಡಿಯಲ್ಲಿ ಅದು ಕ್ಷಣಾರ್ಧದಲ್ಲಿ ನಡೆದಾಗ ಪಾತ್ರೆಯಲ್ಲಿದ್ದ ಸೀಸವೆಲ್ಲ ಮೇಲಕ್ಕೆ ಹಾರುತ್ತದೆ. ನಿಮ್ಮಲ್ಲಿರುವ ಹಳೆಯ ಬಲೆಯ ಗುಂಡುಗಳು ಈ ದೃಷ್ಟಿಯಿಂದ ಅತ್ಯಂತ ಅಪಾಯದ ವಸ್ತು. ಒಂದನ್ನು ಕೈಗೆತ್ತಿಕೊಂಡು ತೂತಿನೊಳಗೆ ನೋಡಿ: ಹಗ್ಗದ ತುಂಡು, ಉಪ್ಪು, ಮರಳು ಅಂಟಿಕೊಂಡಿರುತ್ತವೆ, ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಹೊರಗಿನಿಂದ ಒಣಗಿದಂತೆ ಕಂಡ ಅಂಥದೇ ಒಂದು ಗುಂಡನ್ನು ನಾನು ಕೆಲಸ ಕಲಿತ ವರ್ಕ್‌ಶಾಪಿನಲ್ಲಿ ಒಬ್ಬರು ಕರಗಿದ ಸೀಸಕ್ಕೆ ಹಾಕಿದ್ದರು. ಪುಣ್ಯಕ್ಕೆ ಯಾರ ಮುಖಕ್ಕೂ ತಾಗಲಿಲ್ಲ. ಮಾಡಿನ ಹೆಂಚಿನ ಒಳಮೈಗೆ ಮಾತ್ರ ಸೀಸದ ಹನಿಗಳು ಅಂಟಿ, ಎಷ್ಟೋ ವರ್ಷ ಹಾಗೆಯೇ ಇದ್ದವು.

ಆದ್ದರಿಂದ ಗುಂಡುಗಳನ್ನು ಸಿಹಿನೀರಿನಲ್ಲಿ ತೊಳೆದು, ಹಗ್ಗ ತೆಗೆದು, ಏಪ್ರಿಲ್–ಮೇ ಬಿಸಿಲಿನಲ್ಲಿ ಒಣಗಿಸಿ, ಸಾಧ್ಯವಾದರೆ ಕರಗಿಸುವ ಕೆಲಸವನ್ನೂ ಆ ಬಿಸಿಲಿನಲ್ಲೇ ಮುಗಿಸಿ. ಮಳೆಗಾಲಕ್ಕೆ ಗುಂಡುಗಳನ್ನು ಬಲೆಗೆ ಕಟ್ಟುವ ಕೆಲಸ ಉಳಿಸಿಕೊಳ್ಳಿ. ಮೊದಲ ಸಲ ಗುಂಡುಗಳನ್ನು ತಣ್ಣಗಿನ ಪಾತ್ರೆಯಲ್ಲಿ ತುಂಬಿ, ಸಣ್ಣ ಉರಿಯಲ್ಲಿ ಎಲ್ಲವೂ ಒಟ್ಟಿಗೆ ಬಿಸಿಯಾಗಲು ಬಿಡಿ. ಒಮ್ಮೆ ಕರಗಿದ ಮೇಲೆ ತಣ್ಣಗಿನ ಯಾವ ತುಂಡನ್ನೂ ಸೇರಿಸಬೇಡಿ. ಸೌಟು, ಕಿಟ್ಟ (ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕಸ) ತೆಗೆಯುವ ಚಮಚ, ಅಚ್ಚು ಎಲ್ಲವನ್ನೂ ಕುಲುಮೆಯ ಮೈಗೆ ಒರಗಿಸಿ ಮೊದಲು ಕಾಯಿಸಬೇಕು. ಸಿಮೆಂಟ್ ನೆಲದ ಮೇಲೆ ಚೆಲ್ಲಿದ ಸೀಸ ಅದರೊಳಗಿನ ತೇವಕ್ಕೆ ಸಿಡಿಯಬಹುದಾದ್ದರಿಂದ ಅಡಿಯಲ್ಲಿ ಒಣ ಮರಳಿನ ತಟ್ಟೆ ಇರಲಿ. ಅದು ಹೊಳೆಯ ಮರಳನ್ನು ಹುರಿದದ್ದಾಗಿರಲಿ, ಕಡಲಿನದು ಬೇಡ. ಕುಲುಮೆಯ ಇಟ್ಟಿಗೆಯೂ ಗಾಳಿಯ ತೇವ ಕುಡಿದಿರುತ್ತದೆ, ಹಾಗಾಗಿ ಪಾತ್ರೆ ಇಡದೆ ಒಂದೆರಡು ಸಲ ಸಣ್ಣ ಉರಿಯಲ್ಲಿ ಖಾಲಿ ಕಾಯಿಸಿ. ಮೋಡ ಕವಿದಿದ್ದರೆ ಅಂದು ಎರಕವಿಲ್ಲ.

ಎರೆಯಲು 360ರಿಂದ 400 ಡಿಗ್ರಿ ಸಾಕು. ಅಳೆಯಲು ಸೀಸದೊಳಗೆ ಅದ್ದುವ ಥರ್ಮೋಕಪಲ್ ತೆಗೆದುಕೊಳ್ಳಿ. ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ. ಕಿಟ್ಟ ತೆಗೆದ ಮರುಕ್ಷಣವೇ ಮೇಲ್ಮೈಯಲ್ಲಿ ನೀಲಿ–ನೇರಳೆಯ ಪೊರೆ ಓಡಿದರೆ ಉರಿ ಜಾಸ್ತಿಯಾಗಿದೆ ಎಂದು ತಿಳಿದು ತಗ್ಗಿಸಿ. ಅಚ್ಚಿಗೆ ಚಿಮಣಿ ದೀಪದ ಮಸಿ ಹಿಡಿಸಿದರೆ ಗುಂಡು ಸಲೀಸಾಗಿ ಬಿಡುತ್ತದೆ. ಕೈಗೆ ಚರ್ಮದ ಗವಸು, ಮುಖಕ್ಕೆ ಪೂರ್ತಿ ಮುಚ್ಚುವ ಪಾರದರ್ಶಕ ಕವಚ, ಕಾಲಿಗೆ ಚರ್ಮದ ಬೂಟು, ಅದರ ಮೇಲೆ ಇಳಿಬಿದ್ದ ಹತ್ತಿಯ ಪ್ಯಾಂಟು ಇರಲಿ. ಲುಂಗಿ ಎತ್ತಿ ಕಟ್ಟಿ ಹವಾಯಿ ಚಪ್ಪಲಿಯಲ್ಲಿ ಸೀಸ ಎರೆಯುವವರನ್ನು ನಾನು ನೋಡಿದ್ದೇನೆ. ಅವರ ಪಾದಗಳನ್ನೂ ನೋಡಿದ್ದೇನೆ.

ಪ್ರಶ್ನೆ: ನಮ್ಮವರು ಅಡುಗೆಮನೆಯ ಹಿಂದಿನ ಚಾವಡಿಯಲ್ಲಿ, ಹಳೆಯ ಬಾಣಲೆಯಲ್ಲಿ ಗಾಳದ ಸೀಸ ಕರಗಿಸುತ್ತಾರೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಕಿಟಕಿ ತೆರೆದಿಟ್ಟರೆ ಸಾಕೇ?
– ಓದುಗರು, ಉಳ್ಳಾಲ

ಉತ್ತರ: ಸಾಲದು. ಸೀಸವನ್ನು 400 ಡಿಗ್ರಿಯೊಳಗೆ ಇಟ್ಟರೆ ಅದರ ಆವಿ ಹೆಚ್ಚೇನೂ ಏಳುವುದಿಲ್ಲ, ಆದರೆ ಗಾಳಿಯೊಂದೇ ಅದರ ದಾರಿಯಲ್ಲ. ಮೇಲಿನಿಂದ ತೆಗೆದು ಪಕ್ಕಕ್ಕೆ ಸುರಿಯುವ ಬೂದುಬಣ್ಣದ ಕಿಟ್ಟ ಬಹುಪಾಲು ಸೀಸದ ಆಕ್ಸೈಡಿನ ನುಣುಪಾದ ಪುಡಿ; ಅದು ಬಟ್ಟೆ, ಕೂದಲು, ಪಾದಗಳಿಗೆ ಅಂಟಿ ಒಳಗೆ ಬರುತ್ತದೆ, ನೆಲದಲ್ಲಿ ಅಂಬೆಗಾಲಿಟ್ಟು ಕೈ ಬಾಯಿಗೆ ಹಾಕುವ ಮಗುವಿನ ಹೊಟ್ಟೆ ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಲಸವನ್ನು ಮನೆಯಿಂದ ದೂರ, ಗಾಳಿಯಾಡುವ ಬಯಲಿಗೆ ಒಯ್ಯಲು ಹೇಳಿ. ಅವರು ಒಳಗೆ ಬರುವ ಮೊದಲು ಬಟ್ಟೆ ಬದಲಿಸಿ ಸ್ನಾನ ಮಾಡಲಿ, ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬೇಡಿ. ಚಾವಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕಿಟ್ಟವನ್ನು ಗಿಡದ ಬುಡಕ್ಕೂ ಬಾವಿಕಟ್ಟೆಯ ಬಳಿಗೂ ಚೆಲ್ಲದೆ ಮುಚ್ಚಳದ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಬ್ಯಾಟರಿ ಕೊಳ್ಳುವ ಪರವಾನಗಿ ಹೊಂದಿದವರಿಗೆ ಕೊಡಿ.

ಮಗುವಿನ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಲು ನಿಮ್ಮ ಮಕ್ಕಳ ವೈದ್ಯರಿಗೆ ಹೇಳಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೂಲವನ್ನು ಹುಡುಕಿ ನಿಲ್ಲಿಸಬೇಕೆಂಬುದು ಅದೇ ಸಂಸ್ಥೆಯ 2021ರ ಮಾರ್ಗಸೂಚಿ. ಅದಕ್ಕಿಂತ ಕಡಿಮೆ ಬಂದರೂ ಸೀಸಕ್ಕೆ ನಿರಪಾಯದ ಮಟ್ಟವೆಂಬುದು ಗೊತ್ತಾಗಿಲ್ಲ. ಆ ಬಾಣಲೆ ಮಾತ್ರ ಮತ್ತೆ ಅಡುಗೆಗೆ ಬರಕೂಡದು. ಗುಜರಿಗೆ ಹಾಕುವುದಾದರೆ, ಇನ್ಯಾರೋ ತೊಳೆದು ಒಗ್ಗರಣೆಗೆ ಇಡದ ಹಾಗೆ, ತಳಕ್ಕೆ ಎರಡು ತೂತು ಹೊಡೆದು ಹಾಕಿ.