ಓದುಗರ ಪ್ರಶ್ನೆಗಳು: ಬಿಸಿನೆಸ್ ಕ್ಲಾಸಿನಲ್ಲಿ ಹಸುಗೂಸಿನೊಂದಿಗೆ

ಪ್ರಶ್ನೆ: ನಮ್ಮ ಮಗಳಿಗೆ ಈಗ ಎಂಟು ತಿಂಗಳು. ನನ್ನ ಪತಿಗೆ ಫ್ರಾಂಕ್‌ಫರ್ಟ್‌ಗೆ ವರ್ಗವಾಗಿದ್ದು, ಮುಂದಿನ ತಿಂಗಳು ಮೂವರೂ ಬೆಂಗಳೂರಿನಿಂದ ಹೊರಡಲಿದ್ದೇವೆ. ಕಂಪನಿಯವರೇ ಬಿಸಿನೆಸ್ ಕ್ಲಾಸಿನ ಟಿಕೆಟ್ ಕೊಟ್ಟಿದ್ದಾರೆ. ವಿಮಾನ ಹೊರಡುವುದು ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ. ನಮ್ಮ ಮಾವನವರು, “ಅಲ್ಲಿ ಲಕ್ಷಗಟ್ಟಲೆ ಕೊಟ್ಟು ಮಲಗಲು ಬಂದವರಿರುತ್ತಾರೆ, ಮಗು ಅತ್ತರೆ ಎಲ್ಲರೂ ಶಪಿಸುತ್ತಾರೆ, ಸುಮ್ಮನೆ ಎಕಾನಮಿಗೆ ಬದಲಾಯಿಸಿಕೊಳ್ಳಿ” ಎನ್ನುತ್ತಿದ್ದಾರೆ. ಮಗುವನ್ನು ಬಿಸಿನೆಸ್ ಕ್ಲಾಸಿಗೆ ಕರೆದೊಯ್ಯುವುದು ನಿಜಕ್ಕೂ ಅಸಭ್ಯತನವೇ? ಅಲ್ಲವೆಂದಾದರೆ ನಾವು ಪಾಲಿಸಬೇಕಾದ ರೀತಿನೀತಿಗಳೇನು?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಸಭ್ಯತನವಲ್ಲ. ನಿಮ್ಮ ಮಾವನವರು ಮರ್ಯಾದೆಗೆ ಅಂಜುವವರೆಂಬುದು ತಿಳಿಯುತ್ತದೆ, ಆದರೆ ಅವರ ಸಲಹೆಯೊಳಗೆ ಒಂದು ಊಹೆ ಅಡಗಿದೆ: ಹಿಂದೆ ಕಾಲು ಮಡಚಿಕೊಂಡು ಕುಳಿತೇ ರಾತ್ರಿ ಕಳೆಯುವ ಇನ್ನೂರು ಮುನ್ನೂರು ಜನರ ನಿದ್ದೆ ಕೆಟ್ಟರೆ ಅಡ್ಡಿಯಿಲ್ಲ, ಮುಂದೆ ಹಾಸಿಗೆಯ ಮೇಲೆ ಮಲಗಿದ ಮೂವತ್ತು ನಲವತ್ತು ಜನರ ನಿದ್ದೆ ಮಾತ್ರ ಕೆಡಬಾರದು ಎಂಬುದು. ಮಗುವಿನ ಅಳು ಎಲ್ಲಿ ಕೇಳಿಸಿದರೂ ಒಂದೇ. ವಿಮಾನಯಾನ ಸಂಸ್ಥೆಯು ನಿಮ್ಮ ಮಗುವಿಗೆ ಆ ಕ್ಯಾಬಿನ್ನಿನ ಟಿಕೆಟ್ಟನ್ನೇ ಕೊಟ್ಟಿರುತ್ತದೆ. ಎರಡು ವರ್ಷ ತುಂಬದ, ಮಡಿಲಲ್ಲಿ ಕುಳಿತು ಹೋಗುವ ಮಗುವಿಗೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟನ್ನು ಆಯಾ ದರ್ಜೆಯ ಲೆಕ್ಕದಲ್ಲೇ ಹಾಕುತ್ತಾರೆ. ಅಂದರೆ ನಿಮ್ಮ ಟಿಕೆಟ್ 3 ಲಕ್ಷ ರೂಪಾಯಿಯದ್ದೆಂದಿಟ್ಟುಕೊಂಡರೆ ಆಸನವೇ ಇಲ್ಲದ ಮಗುವಿಗೂ 30 ಸಾವಿರದಷ್ಟಾಗುತ್ತದೆ. ಅಷ್ಟನ್ನು ತೆಗೆದುಕೊಂಡ ಮೇಲೆ ಮಗು ಅಲ್ಲಿರಬಾರದಿತ್ತು ಎನ್ನುವ ಹಕ್ಕು ಪಕ್ಕದ ಆಸನದವರಿಗೆ ಉಳಿಯುವುದಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ನಿಮ್ಮ ಮೇಲೆ ಯಾವ ಹೊಣೆಯೂ ಇಲ್ಲವೆಂದಲ್ಲ. ಮುಂದಿನ ಕ್ಯಾಬಿನ್ನಿನಲ್ಲಿ ಊಟ, ಗಾಜಿನ ಲೋಟ, ದಪ್ಪ ರಜಾಯಿ ಎಲ್ಲ ಇದ್ದರೂ ರಾತ್ರಿಯ ವಿಮಾನದಲ್ಲಿ ಅವರು ನಿಜವಾಗಿ ಮಾರುವುದು ನಿದ್ದೆಯನ್ನು. ಆದ್ದರಿಂದ ಅಲ್ಲಿನ ಶಿಷ್ಟಾಚಾರವನ್ನು ದೀಪ ಆರಿಸಿದ ಹೊತ್ತಿನ ಲೆಕ್ಕದಲ್ಲಿ ಯೋಚಿಸಬೇಕು. ನಿಮ್ಮ ಪ್ರಯಾಣದ ಕಷ್ಟವೂ ಅಲ್ಲೇ ಇದೆ. ಮೂರು ಗಂಟೆಗೆ ಹೊರಟ ವಿಮಾನದಲ್ಲಿ ಮಗು ಮೊದಲು ಮಲಗಿಬಿಡಬಹುದು, ಆದರೆ ಅದು ಮನೆಯಲ್ಲಿ ಏಳುವ ಹೊತ್ತಿಗೇ, ಅಂದರೆ ನಮ್ಮ ಬೆಳಗಿನ ಏಳು ಗಂಟೆಗೆ, ಕಣ್ಣು ಬಿಟ್ಟು ಆಟಕ್ಕೆ ಸಿದ್ಧವಾಗುತ್ತದೆ. ಸುಮಾರು ಹತ್ತು ಗಂಟೆಯ ಆ ಹಾದಿಯಲ್ಲಿ ಅದು ಕ್ಯಾಬಿನ್ನಿನ ನಡುರಾತ್ರಿ. ಕಿಟಕಿಗಳು ಮುಚ್ಚಿರುತ್ತವೆ, ಸುತ್ತಲಿನವರು ಗಾಢ ನಿದ್ದೆಯಲ್ಲಿರುತ್ತಾರೆ, ಉಪಾಹಾರಕ್ಕೆ ದೀಪ ಹಚ್ಚಲು ಇನ್ನೂ ಮೂರು ನಾಲ್ಕು ಗಂಟೆ ಇರುತ್ತದೆ. ಹೆಚ್ಚಿನ ತಂದೆತಾಯಂದಿರು ಅಳುವಿಗೆ ಸಿದ್ಧರಾಗಿ ಬರುತ್ತಾರೆ, ಈ ನಗುವ ಮಗುವಿಗೆ ಸಿದ್ಧರಾಗಿರುವುದಿಲ್ಲ. ಆ ಗಂಟೆಗಳಿಗಾಗಿಯೇ ಸದ್ದು ಮಾಡದ ಆಟಿಕೆಗಳನ್ನು, ಬಟ್ಟೆಯ ಪುಸ್ತಕವನ್ನು, ಹಿಂಡಿ ತಿರುಚಿ ಆಡಬಹುದಾದ ಮೆತ್ತನೆಯ ವಸ್ತುಗಳನ್ನು ಎತ್ತಿಡಿ. ಗಿಲಕಿ ಮತ್ತು ಹಾಡುವ ಗೊಂಬೆಗಳು ಸೂಟ್‌ಕೇಸಿನೊಳಗೆ ಹೋಗಲಿ. ನಿಮ್ಮಲ್ಲಿ ಒಬ್ಬರು ಮೊದಲ ಪಾಳಿಯಲ್ಲಿ ನಿದ್ದೆ ಮಾಡಿ ಆ ಹೊತ್ತಿಗೆ ಎಚ್ಚರವಾಗಿದ್ದರೆ ಮಗುವನ್ನೆತ್ತಿಕೊಂಡು ಆಗಾಗ ಗ್ಯಾಲಿಯ (ವಿಮಾನದ ಅಡುಗೆಮನೆಯ) ಬಳಿ, ಪರದೆಯಾಚೆ, ನಿಲ್ಲಬಹುದು. ಸಿಬ್ಬಂದಿಯವರು ಊಟ ಸಿದ್ಧಪಡಿಸುವ ಹೊತ್ತಲ್ಲದಿದ್ದರೆ ಇದಕ್ಕೆ ಬೇಡವೆನ್ನುವುದು ಕಡಿಮೆ. ಮೊದಲೇ ಕೇಳಿಕೊಳ್ಳುವುದು ಮರ್ಯಾದೆ.

ತೊಟ್ಟಿಲಿನ ವಿಷಯವನ್ನು ಇಂದೇ ವಿಚಾರಿಸಿ. ಬಾಸಿನೆಟ್ ಎಂದು ಕರೆಯುವ ಆ ಪುಟ್ಟ ತೊಟ್ಟಿಲನ್ನು ಕ್ಯಾಬಿನ್ನಿನ ಅಡ್ಡಗೋಡೆಗೆ ಸಿಕ್ಕಿಸುವುದರಿಂದ ಗೋಡೆಯ ಎದುರಿನ ಕೆಲವೇ ಆಸನಗಳಿಗೆ ಅದು ಸಿಗುತ್ತದೆ. ಬಿಸಿನೆಸ್ ಕ್ಲಾಸ್ ಎಂದ ಕೂಡಲೇ ಇದ್ದೇ ಇರುತ್ತದೆಂದು ಭಾವಿಸಬೇಡಿ. ಪ್ರತಿ ಆಸನವೂ ಗೂಡಿನಂತಿರುವ ಕೆಲವು ವಿಮಾನಗಳಲ್ಲಿ ತೊಟ್ಟಿಲಿಗೆ ಜಾಗವೇ ಇರುವುದಿಲ್ಲ. ಎಷ್ಟು ಕಿಲೋ ತೂಕದ ಮಗುವಿಗೆ ಎಂಬ ಮಿತಿಯೂ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ, ಹತ್ತು ಹನ್ನೊಂದು ಕಿಲೋ ಸಾಮಾನ್ಯ. ಇನ್ನೂ ಒಂದು ಸಂಗತಿ: ಕೆಲವು ಬಿಸಿನೆಸ್ ಆಸನಗಳ ಸೀಟ್ ಬೆಲ್ಟಿನೊಳಗೇ ಏರ್‌ಬ್ಯಾಗ್ ಇರುತ್ತದೆ, ಅಂಥ ಆಸನದಲ್ಲಿ ಮಡಿಲ ಮಗುವನ್ನು ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿರಬಹುದು. ಫೋನ್ ಮಾಡಿ ಮಗುವಿನ ತೂಕ ಹೇಳಿ ಆಸನ ನಿಗದಿಪಡಿಸಿಕೊಂಡರೆ, ವಿಮಾನ ಹತ್ತಿದ ಮೇಲೆ ನಾಲ್ಕು ಜನರನ್ನು ಎಬ್ಬಿಸಿ ಜಾಗ ಬದಲಾಯಿಸುವ ಮುಜುಗರ ತಪ್ಪುತ್ತದೆ. ಸೀಟ್ ಬೆಲ್ಟ್ ದೀಪ ಹೊತ್ತಿಕೊಂಡಾಗಲೆಲ್ಲ ಮಲಗಿರುವ ಮಗುವನ್ನಾದರೂ ಎತ್ತಿ ಮಡಿಲಿಗೆ ತೆಗೆದುಕೊಳ್ಳಬೇಕಾಗುತ್ತದೆ, ಆಗ ಅದು ಎಚ್ಚೆತ್ತು ಅತ್ತರೆ ಅದು ನಿಮ್ಮ ತಪ್ಪಲ್ಲ. ಆ ಕ್ಷಣದಲ್ಲಿ ಸಿಬ್ಬಂದಿಯೊಡನೆ ವಾದಿಸುವುದು ಮಾತ್ರ ತಪ್ಪಾಗುತ್ತದೆ.

ಡೈಪರ್ ಬದಲಾಯಿಸುವುದನ್ನು ಮಡಚುವ ಹಲಗೆಯಿರುವ ಶೌಚಾಲಯದಲ್ಲೇ ಮಾಡಿ. ಹಾಸಿಗೆಯಂತೆ ಚಾಚಿಕೊಳ್ಳುವ ಆಸನವನ್ನು ಕಂಡರೆ ಅದರ ಮೇಲೇ ಮುಗಿಸಿಬಿಡೋಣ ಎನ್ನಿಸುವುದು ಸಹಜ, ಆದರೆ ಪಕ್ಕದವರು ಆಗಷ್ಟೇ ಊಟಕ್ಕೆ ಕುಳಿತಿರಬಹುದು. ಬಳಸಿದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಲ್ಲಿಯ ಕಸದ ಡಬ್ಬಿಗೆ ಹಾಕಿ. ಊಟ ಬಡಿಸುವ ಕೈಗೆ ಅದನ್ನು ಕೊಡಬಾರದು, ಕಮೋಡಿಗಂತೂ ಹಾಕಲೇಬಾರದು. ಹಾಲನ್ನು ಬಿಸಿ ಮಾಡಿಸುವುದಿದ್ದರೆ ಹಸಿವಾಗುವುದಕ್ಕೆ ಹತ್ತು ನಿಮಿಷ ಮೊದಲೇ ಹೇಳಿ, ಸಾಮಾನ್ಯವಾಗಿ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿಕೊಡುತ್ತಾರೆ. ಎದೆಹಾಲು ಕೊಡುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಪ್ರಶ್ನೆ: ನಾನು ಕೆಲಸದ ಮೇಲೆ ವರ್ಷಕ್ಕೆ ಹತ್ತಾರು ಬಾರಿ ವಿದೇಶಕ್ಕೆ ಹೋಗುವವನು. ಇಳಿದ ದಿನವೇ ಸಭೆಗಳಿರುತ್ತವೆ. ಕಳೆದ ಬಾರಿ ನನ್ನ ಹಿಂದಿನ ಸಾಲಿನ ಮಗು ರಾತ್ರಿಯಿಡೀ ಅತ್ತಿತು. ಅದರ ತಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಿನಿಮಾ ನೋಡುತ್ತಿದ್ದರು. ಇಷ್ಟು ದರ ಕೊಟ್ಟವರಿಗೆ ನೆಮ್ಮದಿ ಬೇಡವೇ? ಮುಂದಿನ ದರ್ಜೆಗಳಲ್ಲಿ ಕೂಸುಗಳನ್ನು ನಿಷೇಧಿಸಲು ಏಕಾಗದು?
— ಓದುಗರು, ಮಂಗಳೂರು

ಉತ್ತರ: ನಿಮ್ಮ ದೂರಿನಲ್ಲಿ ಎರಡು ದೂರುಗಳಿವೆ. ಮಗುವಿನ ಮೇಲಿನದು ನಿಲ್ಲುವುದಿಲ್ಲ, ತಂದೆಯ ಮೇಲಿನದು ನೂರಕ್ಕೆ ನೂರು ನಿಲ್ಲುತ್ತದೆ. ಅಳುವ ಮಗುವನ್ನು ಎತ್ತಿ ಸಮಾಧಾನಪಡಿಸಿ, ಆದರೂ ಅದು ನಿಲ್ಲಿಸದೆ ಬೆವರುತ್ತಿರುವ ತಂದೆಯನ್ನು ಕಂಡರೆ ಬಹುಪಾಲು ಪ್ರಯಾಣಿಕರ ಸಿಟ್ಟು ಅರ್ಧಕ್ಕಿಳಿಯುತ್ತದೆ. ಕೇಳಿಯೂ ಕೇಳದಂತೆ ಕುಳಿತವನನ್ನು ಕಂಡರೆ ಅದು ಇಮ್ಮಡಿಯಾಗುತ್ತದೆ.

ನಿಷೇಧದ ಪ್ರಯೋಗಗಳು ನಡೆದಿವೆ. ಮಲೇಷ್ಯಾ ಏರ್‌ಲೈನ್ಸ್ 2011ರಲ್ಲಿ ತನ್ನ ಬೋಯಿಂಗ್ 747 ವಿಮಾನಗಳ ಫಸ್ಟ್ ಕ್ಲಾಸಿನಲ್ಲಿ ಕೂಸುಗಳಿಗೆ ಅವಕಾಶವಿಲ್ಲವೆಂದಾಗ ಜಗತ್ತಿನಾದ್ಯಂತ ಪರ ವಿರೋಧದ ಚರ್ಚೆಯೆದ್ದಿತು. ನಮ್ಮಲ್ಲೇ ಇಂಡಿಗೋ 2016ರಲ್ಲಿ ಒಂದರಿಂದ ನಾಲ್ಕು ಮತ್ತು ಹನ್ನೊಂದರಿಂದ ಹದಿನಾಲ್ಕನೆಯ ಸಾಲುಗಳನ್ನು ನಿಶ್ಶಬ್ದ ವಲಯವೆಂದು ಕರೆದು ಹನ್ನೆರಡು ವರ್ಷದೊಳಗಿನವರಿಗೆ ಅಲ್ಲಿ ಆಸನವಿಲ್ಲವೆಂದಿತ್ತು. ನನಗೆ ಇದರಲ್ಲಿ ಸ್ವಲ್ಪ ತಮಾಷೆಯೇ ಕಂಡಿತು, ಏಕೆಂದರೆ ಐದನೆಯ ಸಾಲಿನಲ್ಲಿ ಕುಳಿತ ಮಗುವಿನ ಸ್ವರ ನಾಲ್ಕನೆಯ ಸಾಲಿನ ಬೆನ್ನಿಗೆ ಬಂದು ನಿಲ್ಲುವುದಿಲ್ಲ. ಜಪಾನ್ ಏರ್‌ಲೈನ್ಸ್ 2019ರಲ್ಲಿ ತಂದ ಪದ್ಧತಿ ಇದಕ್ಕಿಂತ ಜಾಣತನದ್ದು: ಆಸನ ಆರಿಸುವ ನಕ್ಷೆಯಲ್ಲಿ ಎರಡು ವರ್ಷದೊಳಗಿನ ಮಗು ಕೂರುವ ಜಾಗಕ್ಕೆ ಮಗುವಿನ ಮುಖದ ಗುರುತು ಹಾಕಿ ತೋರಿಸಿದರು. ಯಾರನ್ನೂ ಹೊರಗಿಡಲಿಲ್ಲ, ದೂರ ಕೂರಬೇಕೆನ್ನುವವರು ದೂರದ ಆಸನ ಆರಿಸಿಕೊಳ್ಳಬಹುದಾಯಿತು. ಎಲ್ಲ ಸಂಸ್ಥೆಗಳೂ ಇದನ್ನು ಮಾಡುವುದಿಲ್ಲ. ಅಂಥಲ್ಲಿ ತೊಟ್ಟಿಲು ಸಿಕ್ಕಿಸುವ ಅಡ್ಡಗೋಡೆಯ ಸಾಲುಗಳಿಂದ ದೂರವಿರುವ ಆಸನವನ್ನು ನೀವೇ ನೋಡಿಕೊಳ್ಳಿ. ಬಿಸಿನೆಸ್ ಕ್ಲಾಸಿನ ಕೊನೆಯ ಸಾಲನ್ನೂ ಬಿಡಿ, ಪರದೆಯ ಆಚೆಗೇ ಹಿಂದಿನ ಕ್ಯಾಬಿನ್ನಿನ ತೊಟ್ಟಿಲುಗಳಿರುವುದುಂಟು. ಸದ್ದಡಗಿಸುವ ಹೆಡ್‌ಫೋನ್‌ಗಳು ಎಂಜಿನ್ನಿನ ಒಂದೇ ಸಮನಾದ ಗುಂಯ್‌ಗುಡುವಿಕೆಯನ್ನು ತಡೆಯುವಷ್ಟು ಚೆನ್ನಾಗಿ ಏರಿಳಿಯುವ ಅಳುವನ್ನು ತಡೆಯಲಾರವು. ಕಿವಿಯೊಳಗೆ ಸ್ಪಂಜಿನ ಬಿರಡೆ ಹಾಕಿ ಅದರ ಮೇಲೆ ಹೆಡ್‌ಫೋನ್ ಧರಿಸಿದರೆ ಹೆಚ್ಚು ಪ್ರಯೋಜನ.

ಮುಂದಿನ ಬಾರಿ ಅಂಥ ತಂದೆ ಎದುರಾದರೆ ನೇರವಾಗಿ ಅವರೊಡನೆ ವಾಗ್ವಾದಕ್ಕಿಳಿಯದೆ ಸಿಬ್ಬಂದಿಗೆ ಮೆಲ್ಲನೆ ತಿಳಿಸಿ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ನನ್ನ ಒಂದು ಪ್ರಯಾಣದಲ್ಲಿ ಇಡೀ ಕ್ಯಾಬಿನ್ನಿನ ನಿದ್ದೆ ಕೆಡಿಸಿದವರು ಫೋನಿನ ವಿಡಿಯೊಗಳನ್ನು ಜೋರಾಗಿ ಹಾಕಿಕೊಂಡು ನಗುತ್ತಿದ್ದ, ಅರುವತ್ತು ದಾಟಿದ ಒಬ್ಬ ಗೃಹಸ್ಥರು. ಅವರ ವಯಸ್ಸಿನವರನ್ನು ನಿಷೇಧಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿದ್ದೇನೆ. ಐದು ತಿಂಗಳ ಮೊಮ್ಮಗನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಊರಿಗೆ ಬರುವವಳಿದ್ದೇನೆ. ನನ್ನ ಮಂಡಿನೋವಿಗಾಗಿ ಅಳಿಯ ಬಿಸಿನೆಸ್ ಕ್ಲಾಸ್ ಮಾಡಿಸಿದ್ದಾರೆ. ಯಾರಿಗೂ ತೊಂದರೆಯಾಗದಿರಲೆಂದು ಮಗುವಿಗೆ ನಿದ್ದೆ ಬರಿಸುವ ಕೆಮ್ಮು ನೆಗಡಿಯ ಸಿರಪ್ ಕೊಡಬಹುದೆಂದು ಪರಿಚಯದವರೊಬ್ಬರು ಹೇಳಿದರು. ಸುತ್ತಲಿನವರಿಗೆ ಸಣ್ಣ ಉಡುಗೊರೆಯ ಪೊಟ್ಟಣ ಹಂಚಬೇಕೆಂದೂ ಹೇಳಿದರು.
— ಒಬ್ಬ ಅಜ್ಜಿ, ಶಿವಮೊಗ್ಗ ಜಿಲ್ಲೆ

ಉತ್ತರ: ಸಿರಪ್ ಬೇಡವೇ ಬೇಡ, ಅಮ್ಮ. ನಮ್ಮ ಮನೆಗಳಲ್ಲಿ ಸಲೀಸಾಗಿ ಕೈಗೆ ಸಿಗುವ, ನಿದ್ದೆ ಬರಿಸುವ ಅಲರ್ಜಿ ಔಷಧವಾದ ಪ್ರೊಮೆಥಜೈನ್‌ನಂಥದ್ದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಅದರಿಂದ ಉಸಿರಾಟವೇ ಕುಗ್ಗುವ ಅಪಾಯವಿದೆ. ಅಂಥ ಇತರ ಅಲರ್ಜಿ ಔಷಧಗಳೂ ಕೆಲವು ಮಕ್ಕಳಿಗೆ ನಿದ್ದೆಯ ಬದಲು ಚಡಪಡಿಕೆ ತರುತ್ತವೆ. ಅಪರಿಚಿತರ ನಿದ್ದೆಗಾಗಿ ಮಗುವಿನ ಉಸಿರನ್ನು ಪಣಕ್ಕಿಡುವಂಥ ಮರ್ಯಾದೆ ಯಾವುದೂ ಇಲ್ಲ.

ಮಗು ಹೆಚ್ಚಾಗಿ ಅಳುವುದು ವಿಮಾನ ಇಳಿಯುವಾಗ. ಹೊರಗಿನ ಒತ್ತಡ ಏರುತ್ತಿದ್ದಂತೆ ಕಿವಿಯ ನಡುಭಾಗದ ಗಾಳಿಯೂ ಸಮವಾಗಬೇಕು. ನಾವು ಉಗುಳು ನುಂಗಿ ಸರಿಪಡಿಸಿಕೊಳ್ಳುವುದನ್ನು ಮಗು ಚೀಪುವುದರಿಂದಲೇ ಮಾಡಬೇಕು. ಇಳಿಯುವ ಕ್ರಿಯೆ ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಶುರುವಾಗುವುದರಿಂದ ಹಾಲೂಡಿಸುವುದನ್ನು ಆ ಹೊತ್ತಿಗೆಂದು ಉಳಿಸಿಕೊಳ್ಳಲು ನಿಮ್ಮ ಮಗಳಿಗೆ ಹೇಳಿ. ಮಗುವಿಗೆ ನೆಗಡಿ ಕಟ್ಟಿದ್ದರೆ ಹೊರಡುವ ಮುನ್ನ ವೈದ್ಯರಿಗೆ ತೋರಿಸಿ.

ಉಡುಗೊರೆಯ ವಿಷಯಕ್ಕೆ ಬಂದರೆ, 2019ರಲ್ಲಿ ಸೋಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಕೊರಿಯಾದ ತಾಯಿಯೊಬ್ಬರು ಮಿಠಾಯಿ ಮತ್ತು ಕಿವಿಬಿರಡೆಗಳ 200ರಷ್ಟು ಪೊಟ್ಟಣಗಳನ್ನು ಹಂಚಿದ್ದು ಸುದ್ದಿಯಾಯಿತು. ಅವರ ಸೌಜನ್ಯ ದೊಡ್ಡದು. ಆದರೆ ಅದು ರೂಢಿಯಾಗಿಬಿಟ್ಟರೆ ಹಂಚದ ತಾಯಿ ತಪ್ಪಿತಸ್ಥೆಯಂತೆ ಕಾಣುತ್ತಾಳೆ ಎಂಬುದು ನನ್ನ ಅಳುಕು. ಬಿಸಿನೆಸ್ ಕ್ಲಾಸಿನಲ್ಲಿ ಕಿವಿಬಿರಡೆಯನ್ನು ಎಷ್ಟೋ ವಿಮಾನಗಳಲ್ಲಿ ಸಂಸ್ಥೆಯೇ ಕೊಡುತ್ತದೆ. ಕುಳಿತ ಕೂಡಲೇ ಅಕ್ಕಪಕ್ಕದವರ ಕಡೆ ನೋಡಿ ಒಂದು ನಗು, “ಚಿಕ್ಕ ಮಗುವಿದೆ, ನಮ್ಮ ಕೈಲಾದಷ್ಟು ನೋಡಿಕೊಳ್ಳುತ್ತೇವೆ” ಎಂಬ ಒಂದು ಮಾತು ಸಾಕು. ಇಂಗ್ಲಿಷ್ ಬಾರದಿದ್ದರೆ ನಗುವೊಂದೇ ಸಾಕು.

ಪ್ರಶ್ನೆ: ಹೆಂಡತಿ ಮತ್ತು ಮಗುವಿಗೆ ಮಾತ್ರ ಬಿಸಿನೆಸ್ ಕ್ಲಾಸ್ ಮಾಡಿಸಿ ನಾನು ಎಕಾನಮಿಯಲ್ಲಿ ಕುಳಿತರೆ, ನಡುನಡುವೆ ಮುಂದೆ ಹೋಗಿ ಮಗುವನ್ನು ಎತ್ತಿಕೊಳ್ಳಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಹಾಗೆಂದು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ಪರದೆ ದಾಟಿ ಮುಂದೆ ಬರುವುದನ್ನು ಅನೇಕ ಸಂಸ್ಥೆಗಳು ಒಪ್ಪುವುದಿಲ್ಲ, ಒಬ್ಬ ಸಿಬ್ಬಂದಿ ಒಪ್ಪಿದರೂ ಪಾಳಿ ಬದಲಾದ ಮೇಲೆ ಬಂದವರು ಬೇಡವೆನ್ನಬಹುದು. ಹತ್ತು ಗಂಟೆ ಒಬ್ಬರೇ ಮಗುವನ್ನು ನೋಡಿಕೊಳ್ಳುವ ಬಿಸಿನೆಸ್ ಕ್ಲಾಸಿಗಿಂತ ಇಬ್ಬರೂ ಜೊತೆಗಿರುವ ಎಕಾನಮಿಯ ಅಡ್ಡಗೋಡೆಯ ಸಾಲು ನಿಮ್ಮ ಹೆಂಡತಿಗೆ ಹೆಚ್ಚು ಸುಖವಾದೀತು. ಯಾವುದು ಬೇಕೆಂದು ಟಿಕೆಟ್ ಮಾಡಿಸುವ ಮೊದಲು ಅವರನ್ನೇ ಕೇಳಿ.